ಸಂಪಾದಕರ ಉತ್ತರ: ಅವಳಿನ್ನೂ ಹಾಡುತ್ತಿದ್ದಾಳೆ

ಶಹಾಬಾದಿನ ಅಕ್ಕೋರಿಗೆ ನಮಸ್ಕಾರ.

ಹೋದ ಸಂಚಿಕೆಯ ಮುಖಪುಟಕ್ಕೆ ಹೆಣದ ಚಿತ್ರ ಯಾಕೆ ಹಾಕಿದಿರಿ, ನಾಟಕದಲ್ಲಿ ಸಾಯುವ ಹೆಣ್ಣುಮಕ್ಕಳನ್ನು ಚಿತ್ರಗಾರರು ಇಷ್ಟು ಚೆಂದ ಯಾಕೆ ಬರೆಯುತ್ತಾರೆ ಎಂದು ಕೇಳಿದ್ದೀರಿ. ನಿಮ್ಮ ಶಾಲೆಯ ಹುಡುಗಿಯರೂ ಅದನ್ನೇ ಕೇಳಿದರಂತೆ.

ಅದು ಹೆಣ ಅಲ್ಲ ಅಕ್ಕೋರೇ. ಬಾಯಿ ನೋಡಿ, ಅರ್ಧ ತೆರೆದಿದೆ. ಶೇಕ್ಸ್‌ಪಿಯರನ ‘ಹ್ಯಾಮ್ಲೆಟ್’ ನಾಟಕದ ಒಫೀಲಿಯಾ ಹಳೆಯ ಹಾಡು ಹಾಡುತ್ತಲೇ ನೀರಲ್ಲಿ ತೇಲುತ್ತಾಳೆ. ಬಟ್ಟೆ ನೆನೆದು ಭಾರವಾದ ಮೇಲೆ ಮುಳುಗುತ್ತಾಳೆ. ಇಂಗ್ಲೆಂಡಿನ ಚಿತ್ರಗಾರ ಜಾನ್ ಎವರೆಟ್ ಮಿಲೇ ಬರೆದದ್ದು ಆ ನಡುವಿನ ಗಳಿಗೆ. ನಮ್ಮ ಅಚ್ಚಿನಲ್ಲಿ ಬಣ್ಣ ಕಪ್ಪಾಯಿತು, ಬಾಯಿ ಸರಿಯಾಗಿ ಕಾಣಲಿಲ್ಲ. ತಪ್ಪು ನಮ್ಮದೇ.

ಮಜಾ ಅಂದ್ರೆ, ಈ ದೃಶ್ಯ ರಂಗದ ಮೇಲೆ ಬರುವುದೇ ಇಲ್ಲ. ರಾಣಿ ಬಂದು ಹೇಳುತ್ತಾಳೆ, ನಾವು ಕೇಳುತ್ತೇವೆ. ಗ್ರೀಕರ ನಾಟಕದ ನಾಯಕಿ ಆಂಟಿಗೊನಿ ಸತ್ತದ್ದೂ ದೂತನ ಬಾಯಿಂದಲೇ ಗೊತ್ತಾಗುವುದು. ಕಿವಿಗೆ ಬಿದ್ದದ್ದನ್ನು ಕಣ್ಣಿಗೆ ತರುವ ಆಸೆ ಚಿತ್ರಗಾರನಿಗೆ.

1851ರಲ್ಲಿ ಮಿಲೇ ಇಂಗ್ಲೆಂಡಿನ ಹಾಗ್ಸ್‌ಮಿಲ್ ಹೊಳೆಯ ದಂಡೆಯಲ್ಲಿ ತಿಂಗಳುಗಟ್ಟಲೆ ಕೂತು ಹೂವು, ಹುಲ್ಲು ಮಾತ್ರ ಬರೆದ. ಹುಡುಗಿಯನ್ನು ಬರೆದದ್ದು ಆಮೇಲೆ, ಲಂಡನ್ನಿನ ಮನೆಯಲ್ಲಿ. ಚಳಿಗಾಲ. ಎಲಿಜಬೆತ್ ಸಿಡಲ್ ಎಂಬ ಹೆಣ್ಣುಮಗಳು ಹಳೆಯ ಜರಿ ನಿಲುವಂಗಿ ಹಾಕಿಕೊಂಡು ನೀರು ತುಂಬಿದ ತೊಟ್ಟಿಯಲ್ಲಿ ಮಲಗಿದಳು. ನೀರು ಬೆಚ್ಚಗಿರಲಿ ಅಂತ ಕೆಳಗೆ ದೀಪ ಇಟ್ಟಿದ್ದರು. ಒಂದು ದಿನ ದೀಪ ಆರಿತು, ಮಿಲೇಗೆ ಬರೆಯುವ ಗುಂಗಿನಲ್ಲಿ ಗೊತ್ತೇ ಆಗಲಿಲ್ಲ. ಆಕೆಗೆ ಜೋರು ನೆಗಡಿ. ಆಕೆಯ ಅಪ್ಪ ಡಾಕ್ಟರ್ ಖರ್ಚು ಕೊಡು ಎಂದು ಬೆನ್ನು ಬಿದ್ದ. ಆಕೆ ತಾನೂ ಚಿತ್ರ ಬರೆಯುತ್ತಿದ್ದಳು, ಕವಿತೆ ಕೂಡ. ಅದನ್ನು ಎಷ್ಟು ಜನ ನೆನೆಯುತ್ತಾರೆ ಹೇಳಿ.

ನಮ್ಮಲ್ಲೂ ಬೇರೆ ಏನಿಲ್ಲ. ತುಂಬಿದ ಸಭೆಯಲ್ಲಿ ‘ನೀನ್ಯಾರು’ ಅನ್ನಿಸಿಕೊಂಡ ಶಕುಂತಲೆಗಿಂತ, ಮುಳ್ಳು ತೆಗೆಯುವ ನೆಪದಲ್ಲಿ ಹಿಂದಿರುಗಿ ನೋಡುವ ರವಿವರ್ಮನ ಶಕುಂತಲೆಯೇ ನಮಗೆ ಜಾಸ್ತಿ ಪರಿಚಯ. ಪುರಾಣದ ಹೆಣ್ಣುಗಳಿಗೆ ಸಿನಿಮಾ ತಾರೆಯರ ಮೈಮಿಂಚು ಕೊಟ್ಟವರು ನಮ್ಮ ಕಲಬುರಗಿಯ ಚಿತ್ರಗಾರ ಎಸ್.ಎಂ. ಪಂಡಿತರು. ನನಗೆ ಅವರ ಕೈಚಳಕ ಇಷ್ಟ. ಆದರೂ ನಿಮ್ಮ ಸಿಟ್ಟು ಸುಳ್ಳಲ್ಲ. ಸಂಕಟ ಹೊಳಪಿನ ಕೆಳಗೆ ಅಡಗಿಬಿಡುತ್ತದೆ, ಅಲ್ವಾ?

ನನ್ನನ್ನು ಕೇಳಿದರೆ, ಒಫೀಲಿಯಾ ಮುಳುಗುವ ಮುಂಚಿನ ದೃಶ್ಯವೇ ಖಾರ. ಹುಚ್ಚು ಹಿಡಿದವಳೆಂದು ಎಲ್ಲರೂ ಮರುಗುವಾಗ ಆಕೆ ರಾಜನಿಗೂ ರಾಣಿಗೂ ಒಂದೊಂದು ಹೂವು, ಗಿಡ ಹಂಚುತ್ತಾಳೆ. ಪ್ರತಿ ಹೂವಲ್ಲೂ ಒಂದು ಚುಚ್ಚುಮಾತು. ನಿಮ್ಮ ಹುಡುಗಿಯರಿಗೆ ಅದನ್ನು ಬರೆಯಲು ಹೇಳಿ. ಮುಂದಿನ ಸಂಚಿಕೆಗೆ ಒಂದು ಪುಟ ಇಟ್ಟಿರುತ್ತೇನೆ. ಇಂಗ್ಲೆಂಡಿನ ಹೂವೇ ಬೇಕೆಂದಿಲ್ಲ, ತೊಗರಿ ಹೂವಾದರೂ ನಡೆಯುತ್ತದೆ.