ಕೇಬಲ್ ಮಾಲೀಕರು ಚುನಾವಣೆಗೆ ನಿಂತರೆ

ಪ್ರಶ್ನೆ: ಸರ್, ಡಿಗ್ರಿ ಮುಗಿಸಿ ಇಲ್ಲಿನ ಒಂದು ಕೇಬಲ್ ಚಾನೆಲ್‌ನಲ್ಲಿ ಎರಡು ವರ್ಷದಿಂದ ಸುದ್ದಿ ಓದುತ್ತಿದ್ದೇನೆ. ನಮ್ಮ ಮಾಲೀಕರು ಈ ಸಲ ನಗರಸಭೆ ಚುನಾವಣೆಗೆ ನಿಲ್ಲುತ್ತಾರಂತೆ. ಒಳ್ಳೆಯವರೇ, ಒಂದು ತಿಂಗಳೂ ಸಂಬಳ ತಪ್ಪಿಸಿಲ್ಲ. "ಇಟಲಿಯಲ್ಲಿ ಟಿವಿ ಮಾಲೀಕ ಪ್ರಧಾನಿಯೇ ಆಗಿದ್ದ, ನಾನು ಕೌನ್ಸಿಲರ್ ಆಗಬಾರದಾ?" ಎಂದು ಕೇಳುತ್ತಾರೆ. ಆ ಕಥೆ ನಿಜವಾ? ಅದರಲ್ಲಿ ತಪ್ಪೇನಿದೆ? ನಾನೇನು ಮಾಡಲಿ?
– ಹೆಸರು ಬೇಡ ಎಂದಿರುವ ಓದುಗರು, ಸಿಂಧನೂರು

ಉತ್ತರ: ನಿಜ, ತಂಗಿ. ಅವರ ಹೆಸರು ಸಿಲ್ವಿಯೊ ಬೆರ್ಲುಸ್ಕೋನಿ. ಅವರೂ ಶುರು ಮಾಡಿದ್ದು ಕೇಬಲ್‌ನಿಂದಲೇ. 1936ರಲ್ಲಿ ಮಿಲಾನ್‌ನಲ್ಲಿ ಹುಟ್ಟಿದವರು, ತಂದೆ ಬ್ಯಾಂಕ್ ನೌಕರ. ಮನೆ ಕಟ್ಟಿಸಿ ಮಾರುವ ವ್ಯವಹಾರದಲ್ಲಿ ದುಡ್ಡು ಮಾಡಿದರು. ಮಿಲಾನ್ ಪಕ್ಕದಲ್ಲಿ ತಾವೇ ಎಬ್ಬಿಸಿದ ಬಡಾವಣೆಯ ಮನೆಗಳಿಗೆ 1974ರಲ್ಲಿ ಒಂದು ಸಣ್ಣ ಕೇಬಲ್ ಚಾನೆಲ್ ಕೊಟ್ಟರು. ಅಷ್ಟೇ ಆರಂಭ.

ಮುಂದಿನದನ್ನು ನಾನು ಬಹಳ ಸಲ ಯೋಚಿಸಿದ್ದೇನೆ. 1976ರಲ್ಲಿ ಅಲ್ಲಿನ ಸಂವಿಧಾನ ನ್ಯಾಯಾಲಯ ಖಾಸಗಿ ಟಿವಿಗೆ ಒಪ್ಪಿಗೆ ಕೊಟ್ಟಿತು, ಆದರೆ ಆಯಾ ಊರಿನ ಮಟ್ಟಿಗೆ ಮಾತ್ರ. ದೇಶಕ್ಕೆಲ್ಲ ತೋರಿಸುವ ಹಕ್ಕು ಸರ್ಕಾರಿ ಟಿವಿಯದ್ದೇ ಆಗಿತ್ತು. ಬೆರ್ಲುಸ್ಕೋನಿ ಏನು ಮಾಡಿದರು ಗೊತ್ತಾ? ಒಂದೇ ಕಾರ್ಯಕ್ರಮದ ವಿಡಿಯೊ ಕ್ಯಾಸೆಟ್‌ಗಳನ್ನು ಊರೂರಿನ ಸ್ಟೇಷನ್‌ಗಳಿಗೆ ಕಳಿಸಿದರು. ಎಲ್ಲರೂ ಅದನ್ನು ಒಂದೇ ಹೊತ್ತಿಗೆ ಹಾಕಿದರು. ಹೆಸರಿಗೆ ಊರ ಚಾನೆಲ್, ನೋಡುವುದು ಇಡೀ ದೇಶ. 1980ಕ್ಕೆ ಅವರ ಕನಾಲೆ 5 ಚಾನೆಲ್ ಬಂತು. 1982ರಲ್ಲಿ ಇಟಾಲಿಯಾ 1, 1984ರಲ್ಲಿ ರೆತೆ 4 ಕೊಂಡರು. ಅದೇ 1984ರಲ್ಲಿ ಕೆಲವು ಕಡೆ ನ್ಯಾಯಾಧೀಶರು ಅವರ ಪ್ರಸಾರ ನಿಲ್ಲಿಸಿದಾಗ, ಪ್ರಧಾನಿ ಬೆತ್ತಿನೊ ಕ್ರಾಕ್ಸಿ ಕೆಲವೇ ದಿನಗಳಲ್ಲಿ ಸುಗ್ರೀವಾಜ್ಞೆ ತಂದು ಮತ್ತೆ ಶುರು ಮಾಡಿಸಿದರು. ಕ್ರಾಕ್ಸಿ ಬೆರ್ಲುಸ್ಕೋನಿಯ ಗೆಳೆಯ. 1986ರಲ್ಲಿ ಎಸಿ ಮಿಲಾನ್ ಫುಟ್‌ಬಾಲ್ ತಂಡವೂ ಕೈಗೆ ಬಂತು.

1992ರಿಂದ ಲಂಚದ ಹಗರಣಗಳು ಬಯಲಾಗಿ ಹಳೆಯ ಪಕ್ಷಗಳು ಕುಸಿದವು. 26 ಜನವರಿ 1994ರಂದು ಬೆರ್ಲುಸ್ಕೋನಿ ತಮ್ಮ ಮೇಜಿನ ಹಿಂದೆ ಕೂತು ಮಾಡಿದ ಭಾಷಣದ ಟೇಪು ಚಾನೆಲ್‌ಗಳಿಗೆ ಹೋಯಿತು. ಎದುರಿಗೆ ಪ್ರಶ್ನೆ ಕೇಳುವ ಒಬ್ಬ ಪತ್ರಕರ್ತನೂ ಇರಲಿಲ್ಲ. ಪಕ್ಷದ ಹೆಸರು ಫೋರ್ಝಾ ಇಟಾಲಿಯಾ, ಅಂದರೆ ಸ್ಟೇಡಿಯಂನಲ್ಲಿ ಜನ ಕೂಗುವ ಮಾತು. ಅವರ ಜಾಹೀರಾತು ಕಂಪನಿಯವರೇ ಎಷ್ಟೋ ಜನ ಅಭ್ಯರ್ಥಿಗಳಾದರು. ಮಾರ್ಚ್‌ನಲ್ಲಿ ಗೆದ್ದು ಮೇ ತಿಂಗಳಲ್ಲಿ ಪ್ರಧಾನಿಯಾದರು. ಆ ಸರ್ಕಾರ ವರ್ಷ ತುಂಬುವ ಮೊದಲೇ ಬಿತ್ತು. 2001ರಿಂದ 2006, ಮತ್ತೆ 2008ರಿಂದ 2011ರವರೆಗೂ ಅವರೇ ಪ್ರಧಾನಿ. 2013ರಲ್ಲಿ ತೆರಿಗೆ ವಂಚನೆ ಪ್ರಕರಣದ ಶಿಕ್ಷೆ ಖಾಯಂ ಆಗಿ ಸೆನೆಟ್ ಸ್ಥಾನ ಹೋಯಿತು. 12 ಜೂನ್ 2023ರಂದು ತೀರಿಕೊಂಡರು.

ತಪ್ಪೇನು ಎಂದು ಕೇಳಿದ್ದೀರಿ. ಚಾನೆಲ್ ಇದ್ದವರು ಸುಳ್ಳು ಹೇಳಿ ಗೆಲ್ಲುತ್ತಾರೆ ಅಂತ ನಾವು ಅಂದುಕೊಳ್ಳುತ್ತೇವೆ. 2019ರಲ್ಲಿ ಮೂವರು ಇಟಲಿಯ ಅರ್ಥಶಾಸ್ತ್ರಜ್ಞರ ಅಧ್ಯಯನ ಬೇರೆಯದನ್ನೇ ತೋರಿಸಿತು. 80ರ ದಶಕದಲ್ಲಿ ಬೆರ್ಲುಸ್ಕೋನಿಯ ಚಾನೆಲ್‌ಗಳು ಮೊದಲೇ ತಲುಪಿದ ಊರುಗಳಲ್ಲಿ ಅವರ ಪಕ್ಷಕ್ಕೆ ಸುಮಾರು ಶೇ 1ರಷ್ಟು ಮತ ಜಾಸ್ತಿ ಬಿದ್ದಿತ್ತು. ಆಗ ಆ ಚಾನೆಲ್‌ಗಳಲ್ಲಿ ಇದ್ದದ್ದು ಹೆಚ್ಚಾಗಿ ಸಿನಿಮಾ, ಧಾರಾವಾಹಿ, ಆಟ.

ಸುಳ್ಳಿಲ್ಲದೆಯೂ ಚಾನೆಲ್ ಕೆಲಸ ಮಾಡುವುದನ್ನು ನಾನು ಗಂಗಾವತಿಯಲ್ಲೇ ನೋಡಿದ್ದೇನೆ. 90ರ ದಶಕದ ಕೊನೆಗೆ ಒಂದು ಕೇಬಲ್ ಚಾನೆಲ್‌ಗೆ ಸಂಜೆಯ ಸುದ್ದಿ ಬರೆಯುತ್ತಿದ್ದೆ. ನಮ್ಮ ಮಾಲೀಕರು ವಾರ್ಡಿಗೆ ನಿಂತರು. ಸುಳ್ಳು ಬರಿ ಅಂತ ಒಂದು ದಿನವೂ ಹೇಳಲಿಲ್ಲ. ನೋಟ್‌ಬುಕ್ ಹಂಚಿದ್ದು, ಜಾತ್ರೆಯಲ್ಲಿ ಮಜ್ಜಿಗೆ ಕೊಟ್ಟಿದ್ದು, ಎಲ್ಲವೂ ನಡೆದದ್ದೇ. ಅವರ ಎದುರು ನಿಂತಿದ್ದವರು ರೈಸ್‌ಮಿಲ್ ಹಮಾಲರ ಮುಖಂಡರು. ಅವರ ಮೆರವಣಿಗೆ ನಮ್ಮ ಆಫೀಸಿನ ಕಿಟಕಿ ಕೆಳಗೇ ಹೋಯಿತು. ನಮ್ಮ ಹುಡುಗ ಶೂಟ್ ಮಾಡಿಕೊಂಡೂ ಬಂದ. "ಇವತ್ತು ಟೈಮ್ ಇಲ್ಲ, ನಾಳೆ ಹಾಕೋಣ" ಅಂದರು ಮಾಲೀಕರು. ಆ ನಾಳೆ ಬರಲೇ ಇಲ್ಲ. ಕ್ಯಾಸೆಟ್ ನನ್ನ ಡ್ರಾಯರ್‌ನಲ್ಲೇ ಉಳಿಯಿತು. ನಾನು ಸುಮ್ನಿದ್ದೆ. ಅದು ಇವತ್ತಿಗೂ ನನ್ನನ್ನು ಕಾಡುತ್ತದೆ.

ಮಾಲೀಕರು ಗೆದ್ದರು. ನಿಜವಾದ ತೊಂದರೆ ಗೊತ್ತಾಗಿದ್ದು ಆಮೇಲೆ. ಆ ಮಳೆಗಾಲ ಚರಂಡಿ ಕಟ್ಟಿಕೊಂಡು ಮನೆಗಳಿಗೆ ನೀರು ನುಗ್ಗಿತು. ಹೆಣ್ಣುಮಕ್ಕಳು ನಮ್ಮ ಆಫೀಸ್ ಮೆಟ್ಟಿಲವರೆಗೆ ಬಂದು ನಿಂತರು. ಮೊದಲಾದರೆ ನೇರ ಒಳಗೆ ಬರುತ್ತಿದ್ದರು. ಒಬ್ಬ ಅಜ್ಜಿ, "ಯಾರ ಮ್ಯಾಲ ಹೇಳೂದು, ಯಾರಿಗೆ ಹೇಳೂದು, ಎರಡೂ ಒಬ್ಬರೇ ಅಲ್ಲೇನಪ್ಪಾ" ಎಂದರು. ಆ ಸುದ್ದಿ ನಾನು ಬರೆಯಲಿಲ್ಲ.

ಇಟಲಿಯಲ್ಲಿ ಅದೇ ದೊಡ್ಡದಾಗಿ ಆಯಿತು. ಪ್ರಧಾನಿಯಾದ ಮೇಲೆ ಸರ್ಕಾರಿ ಟಿವಿಯ ಮೇಲೂ ಬೆರ್ಲುಸ್ಕೋನಿಯ ಪ್ರಭಾವ ಬಿತ್ತು. 2002ರಲ್ಲಿ ಬಲ್ಗೇರಿಯಾದ ರಾಜಧಾನಿ ಸೋಫಿಯಾದಲ್ಲಿ ನಿಂತು, ಹಿರಿಯ ಪತ್ರಕರ್ತ ಎಂಜೊ ಬಿಯಾಜಿ ಸೇರಿ ಮೂವರ ಹೆಸರು ಹಿಡಿದು ದೂರಿದರು. ಬಿಯಾಜಿ ಅವರ ಕಾರ್ಯಕ್ರಮ ನಿಂತುಹೋಯಿತು. ಅವರು ಮತ್ತೆ ತೆರೆಗೆ ಬಂದದ್ದು 2007ರಲ್ಲಿ, ತೀರಿಕೊಂಡ ವರ್ಷ.

ನಮ್ಮಲ್ಲಿ ಟಿವಿ ಮಾಲೀಕರು ಚುನಾವಣೆಗೆ ನಿಲ್ಲಬಾರದು ಅಂತ ಕಾನೂನಿಲ್ಲ. ರಾಜಕೀಯ ಪಕ್ಷಗಳ ಕೈಗೆ ಚಾನೆಲ್, ಕೇಬಲ್ ಕೊಡಬೇಡಿ ಎಂದು ದೂರಸಂಪರ್ಕ, ಟಿವಿ ಕ್ಷೇತ್ರದ ನಿಯಂತ್ರಣ ಸಂಸ್ಥೆ ಟ್ರಾಯ್ 2008ರಲ್ಲೂ 2012ರಲ್ಲೂ ಶಿಫಾರಸು ಮಾಡಿದೆ. ಹಾಗಾಗಿ ನಿಮ್ಮ ಮಾಲೀಕರಿಗೆ ನಿಲ್ಲುವ ಹಕ್ಕಿದೆ, ಅವರನ್ನು ಕೆಟ್ಟವರೆಂದು ನೋಡಬೇಡಿ.

ಆದರೆ ನಾಮಪತ್ರ ಹಾಕುವ ಮೊದಲೇ ಕೂತು ಮಾತಾಡಿ. ಚುನಾವಣೆ ಮುಗಿಯುವವರೆಗೆ ಸುದ್ದಿಯ ಜವಾಬ್ದಾರಿ ಬೇರೆಯವರಿಗೆ ಬಿಡಲಿ. ಅವರ ಪ್ರಚಾರ ಜಾಹೀರಾತು ಅಂತಲೇ ಬರಲಿ, ನಿಮ್ಮ ಬಾಯಿಂದ ಸುದ್ದಿಯಾಗಿ ಬೇಡ. ಎದುರಾಳಿಯ ಸಭೆಗೆ ಕ್ಯಾಮೆರಾ ಹೋದ ದಿನವೇ ಅದು ಪ್ರಸಾರವಾಗಲಿ. ಯಾವುದು ಶೂಟ್ ಆಯಿತು, ಯಾವುದು ಬಂತು ಅಂತ ಒಂದು ನೋಟ್‌ಬುಕ್‌ನಲ್ಲಿ ದಿನಾ ಬರೆದಿಡಿ. ನಾನು ಬರೆದಿಡಲಿಲ್ಲ.

ಕೊನೆಗೆ ಇದೊಂದು ಕೇಳಿ: "ಅಣ್ಣಾ, ನೀವು ಗೆದ್ದ ಮೇಲೆ ನಿಮ್ಮ ವಾರ್ಡಿನ ಚರಂಡಿ ಕಟ್ಟಿಕೊಂಡರೆ, ಆ ಸುದ್ದಿ ನಾನು ಓದಬಹುದಾ?" ಅವರು ಏನಂದರು ಅಂತ ನನಗೆ ಬರೆಯಿರಿ.