ಆ ಅಜ್ಜಿ ಎರಡು ನಿಮಿಷ ಏನು ಹೇಳಿದರು?

ಪ್ರಿಯ ಸೋದರಿ,

ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಬೇರೆ ಓದುಗರಿಗೂ ಗೊತ್ತಾಗಲಿ ಅಂತ ಅದರಲ್ಲಿದ್ದ ವಿಷಯ ಮೊದಲು ಹೇಳಿಬಿಡುತ್ತೇನೆ. ನೀವು ಅಮೆರಿಕದ ಡೆಟ್ರಾಯಿಟ್ ಹತ್ತಿರದ ಒಂದು ಕ್ಲಿನಿಕ್ಕಿನಲ್ಲಿ ಕೆಲಸ ಮಾಡುತ್ತೀರಿ. ಇರಾಕಿನಿಂದ ನಿರಾಶ್ರಿತರಾಗಿ ಬಂದ ಒಬ್ಬ ಅಜ್ಜಿ, ಹನ್ನೆರಡು ವರ್ಷದ ಮೊಮ್ಮಗನ ಕೈ ಹಿಡಿದುಕೊಂಡು ಮೂರು ಸಲ ಬಂದರು. ಪ್ರತಿ ಸಲವೂ ಅಜ್ಜಿ ಎರಡು ನಿಮಿಷ ಮಾತಾಡುವುದು, ಹುಡುಗ "ಎದೆ ಬಿಗಿಯುತ್ತಂತೆ" ಅಂತ ಒಂದೇ ಮಾತು ಹೇಳುವುದು. ಎರಡು ಸಲ ಇಸಿಜಿ ತೆಗೆದರು, ಏನೂ ತೊಂದರೆ ಕಾಣಲಿಲ್ಲ. ಮೂರನೇ ಸಲ ಎದೆಗೆ ತಂತಿ ಅಂಟಿಸಲು ಹೋದಾಗ ಅಜ್ಜಿ ಕೈ ತಳ್ಳಿ ಎದ್ದು ಹೋದರು. ಆಮೇಲೆ ಬರಲೇ ಇಲ್ಲ.

"ಬಿಪಿ ಎಲ್ಲ ದೇಶದವರಿಗೂ ಬಿಪಿಯೇ. ಅವರ ಸಂಸ್ಕೃತಿಯನ್ನೆಲ್ಲ ಡಾಕ್ಟರು ಯಾಕೆ ತಿಳಿದುಕೊಳ್ಳಬೇಕು? ಇಲ್ಲಿಗೆ ಬಂದವರು ಇಲ್ಲಿನ ರೀತಿ ಕಲಿಯಬೇಕಲ್ವಾ?" ಅಂತ ಕೇಳಿದ್ದೀರಿ. ಕೊನೆಯಲ್ಲಿ, "ಆದರೂ ಆ ಅಜ್ಜಿಯ ಮುಖ ಕಣ್ಣಿಂದ ಹೋಗುತ್ತಿಲ್ಲ" ಅಂತಲೂ ಬರೆದಿದ್ದೀರಿ. ಆ ಸಾಲು ಓದಿದ ಮೇಲೆ ಎರಡು ಮಾತಿನ ಉತ್ತರ ಬರೆದು ಸುಮ್ಮನಾಗಲು ಮನಸ್ಸು ಬರಲಿಲ್ಲ.

ಮೊದಲು ಒಂದು ಮಾತು. ಇಸಿಜಿ ತೆಗೆದದ್ದು ತಪ್ಪಲ್ಲ. ವಯಸ್ಸಾದವರು ಎದೆ ಅಂದ ಕೂಡಲೇ ಹೃದಯ ನೋಡಲೇಬೇಕು. ಹೃದಯ ಸರಿಯಿದೆ ಅಂತ ಗೊತ್ತಾದ ಮೇಲೆ ಏನು ಮಾಡಿದರು ಅನ್ನುವುದೇ ನನ್ನ ಪ್ರಶ್ನೆ.

ನಮ್ಮ ಮನೆಯದೇ ಒಂದು ಸಂಗತಿ ಹೇಳುತ್ತೇನೆ. ನನ್ನ ಸೋದರತ್ತೆ ಬೆಳೆದ ಮಗನನ್ನು ಅಪಘಾತದಲ್ಲಿ ಕಳೆದುಕೊಂಡರು. ಕೆಲವು ತಿಂಗಳಲ್ಲಿ ಊಟ ಬಿಟ್ಟರು, ಸೊರಗಿದರು. ಬೆಂಗಳೂರಿನ ಒಂದು ದೊಡ್ಡ ಆಸ್ಪತ್ರೆಗೆ ಕರೆದೊಯ್ದೆವು. ಡಾಕ್ಟರಿಗೆ ಕನ್ನಡ ಬರುತ್ತಿರಲಿಲ್ಲ. ಅತ್ತೆ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಳ್ಳುತ್ತಾ, "ಹೊಟ್ಟೆ ಉರೀತದಪ್ಪ" ಅಂದರು. ಪಕ್ಕದಲ್ಲಿದ್ದವರು ಅದನ್ನು ಇಂಗ್ಲಿಷಿಗೆ ತಿರುಗಿಸಿದರು. ಡಾಕ್ಟರು ಎಸಿಡಿಟಿ ಅಂದುಕೊಂಡು ಗಂಟಲಿಗೆ ಕೊಳವೆ ಇಳಿಸಿ ನೋಡಿದರು, ಮಾತ್ರೆ ಬರೆದುಕೊಟ್ಟರು. ಹೆತ್ತ ಹೊಟ್ಟೆ ಉರಿಯುವುದು ಅಂದರೆ ಏನು ಅಂತ ಕನ್ನಡ ಬಲ್ಲ ಯಾರಿಗೂ ವಿವರಿಸಬೇಕಿಲ್ಲ. ಆ ಕೋಣೆಯಲ್ಲಿ ಮಾತ್ರ ಅದು ಯಾರಿಗೂ ತಲುಪಲಿಲ್ಲ.

ಇರಾಕಿನವರ ಮಾತಿನಲ್ಲೂ ಹೀಗೇ ಇದೆ. "ಗಲ್ಬಿ ಮಕ್ಬೂದ್" ಅನ್ನುತ್ತಾರೆ. ಪದಕ್ಕೆ ಪದ ಇಟ್ಟರೆ ನನ್ನ ಹೃದಯವನ್ನು ಯಾರೋ ಹಿಡಿದು ಹಿಂಡಿದ್ದಾರೆ ಅಂತ. "ದೀಕ್" ಅಂದರೆ ಇಕ್ಕಟ್ಟು. ಅದು ಎದೆಯ ಇಕ್ಕಟ್ಟೂ ಹೌದು, ಬದುಕಿನ ಇಕ್ಕಟ್ಟೂ ಹೌದು. "ನಫ್ಸಿಯ್ತಿ ತಅಬಾನ" ಅಂದರೆ ಮನಸ್ಸು ದಣಿದಿದೆ ಅಂತ. ನಿಮ್ಮ ಪಕ್ಕದ ಡಿಯರ್‌ಬಾರ್ನ್‌ನಲ್ಲೇ ಸಂಶೋಧಕರು 60 ಇರಾಕಿ ನಿರಾಶ್ರಿತರ ಜೀವನಕಥೆ ಕೇಳಿ, ಇಂಥ ಮಾತುಗಳನ್ನು ಆಯ್ದು, ಹಿಂಸೆಯ ನೋವನ್ನು ಅಳೆಯಲು ಹಾರ್ವರ್ಡ್‌ನಲ್ಲಿ ರೂಪಿಸಿದ್ದ ಪ್ರಶ್ನಾವಳಿಯನ್ನು ಇರಾಕಿಗಳಿಗೆ ಹೊಂದಿಸಿದರು. ಅದು 2007ರಲ್ಲಿ ಪ್ರಕಟವಾಯಿತು. ಅಂದರೆ ಆ ಅಜ್ಜಿಯ ಮಾತಿಗೆ ಅರ್ಥ ಹುಡುಕಲು ನಿಮ್ಮ ಕ್ಲಿನಿಕ್ಕು ದೂರ ಹೋಗಬೇಕಿರಲಿಲ್ಲ.

ಆದರೆ ಅರ್ಥ ಹುಡುಕಲು ಮೊದಲು ಮಾತು ಕಿವಿಗೆ ಬೀಳಬೇಕು. ಎರಡು ನಿಮಿಷದ ಮಾತು ಒಂದು ಸಾಲಾಗಿದ್ದಕ್ಕೆ ಆ ಹುಡುಗನನ್ನು ದೂರಬೇಡಿ. ತನ್ನ ಮಗನೇ ಸತ್ತಿದ್ದರೂ, ಹೇಗೆ ಸತ್ತ ಅಂತ ಅಜ್ಜಿ ಮೊಮ್ಮಗನ ಬಾಯಲ್ಲಿ ಹೇಳಿಸುತ್ತಾರಾ? ಮೈಯ ಗುಟ್ಟು ಹೇಳಿಕೊಳ್ಳುತ್ತಾರಾ? ಹೇಳಿದರೂ ಆ ಮಗು ಅದನ್ನು ಹೊತ್ತುಕೊಂಡು ಮನೆಗೆ ಹೋಗಬೇಕು. ಅಮೆರಿಕದಲ್ಲಿ 1964ರ ನಾಗರಿಕ ಹಕ್ಕುಗಳ ಕಾಯ್ದೆಯ ಪ್ರಕಾರ, ಕೇಂದ್ರ ಸರ್ಕಾರದ ಹಣ ಪಡೆಯುವ ಆಸ್ಪತ್ರೆ ಇಂಗ್ಲಿಷ್ ಬರದ ರೋಗಿಗೆ ಭಾಷೆಯ ನೆರವು ಕೊಡಲೇಬೇಕು. 2010ರ ಆರೋಗ್ಯ ಕಾಯ್ದೆಯ ಕೆಳಗೆ ಬಂದ ನಿಯಮಗಳ ಪ್ರಕಾರ, ತುರ್ತು ಹೊತ್ತಿನಲ್ಲಿ ಬಿಟ್ಟರೆ ಮಕ್ಕಳನ್ನು ದುಭಾಷಿ ಮಾಡಿಕೊಳ್ಳುವಂತಿಲ್ಲ. ನಿಮ್ಮ ಕ್ಲಿನಿಕ್ಕಿನಲ್ಲಿ ಫೋನಿನಲ್ಲಿ ಸಿಗುವ ದುಭಾಷಿ ಸೇವೆ ಇದ್ದೇ ಇರಬೇಕು, ವಿಚಾರಿಸಿ. ಸ್ಟೆತಸ್ಕೋಪಿನಷ್ಟೇ ಅದೂ ಬೇಕು ಅಂತ ನಾನು ನಂಬುತ್ತೇನೆ.

ಇಲ್ಲಿನ ರೀತಿ ಕಲಿಯಬೇಕಲ್ವಾ ಅಂತ ಕೇಳಿದಿರಿ. ಕಲಿಯಲಿ. ಆದರೆ ಇಂಗ್ಲಿಷ್ ಬರುವ ತನಕ ಎದೆನೋವು ಕಾದು ಕೂರುತ್ತದಾ? ನಾಳೆ ಹಾಸನದಿಂದಲೋ ಗದಗದಿಂದಲೋ ಬಾಣಂತನಕ್ಕೆ ಅಂತ ಬಂದ ನಿಮ್ಮ ತಾಯಿಗೆ ಹುಷಾರು ತಪ್ಪಿದರೆ, ಅವರಿಗೆ ಈ ಪ್ರಶ್ನೆ ಯಾರೂ ಕೇಳದಿರಲಿ.

ಇನ್ನು ಆ ತಂತಿಯ ವಿಷಯ. ನಿಮ್ಮ ಪತ್ರದಲ್ಲಿ ನನ್ನನ್ನು ಹೆಚ್ಚು ಕಾಡಿದ್ದು ಇದೇ. ಇರಾಕಿನಲ್ಲಿ ಚಿತ್ರಹಿಂಸೆ ಅಂದರೆ ಎಷ್ಟೋ ಸಲ ಕರೆಂಟ್ ಶಾಕ್. ಅದನ್ನು ಅನುಭವಿಸಿದವರಿಗೆ ಇಸಿಜಿಯ ತಂತಿ, ಹಲ್ಲಿನ ಡಾಕ್ಟರ ಕುರ್ಚಿ, ಬಾಗಿಲು ಹಾಕಿದ ಸಣ್ಣ ಕೋಣೆ, ಯಾವುದು ಬೇಕಾದರೂ ಆ ದಿನವನ್ನು ಮತ್ತೆ ತಂದು ನಿಲ್ಲಿಸಬಹುದು. ಬಿಳಿ ಕೋಟಿನ ಮೇಲೂ ಎಲ್ಲರಿಗೂ ನಂಬಿಕೆ ಇರುವುದಿಲ್ಲ. 1994ರಲ್ಲಿ ಸದ್ದಾಂ ಹುಸೇನ್ ಸರ್ಕಾರ, ಸೇನೆ ಬಿಟ್ಟು ಓಡಿದವರ ಕಿವಿ ಕತ್ತರಿಸಲು ಆಜ್ಞೆ ಹೊರಡಿಸಿತು. ಆ ಕೆಲಸಕ್ಕೆ ಹಚ್ಚಿದ್ದು ಆಸ್ಪತ್ರೆಯ ಸರ್ಜನ್‌ಗಳನ್ನು. 2006ರ ಫೆಬ್ರುವರಿಯಲ್ಲಿ ಶಿಯಾಗಳಿಗೆ ಪವಿತ್ರವಾದ ಸಮಾರಾದ ಮಸೀದಿಯಲ್ಲಿ ಸ್ಫೋಟವಾಗಿ ಶಿಯಾ–ಸುನ್ನಿ ರಕ್ತಪಾತ ಹೆಚ್ಚಿದಾಗ, ಬಾಗ್ದಾದಿನ ಆಸ್ಪತ್ರೆಗಳಿಂದಲೇ ರೋಗಿಗಳನ್ನು ಬಂದೂಕು ಹಿಡಿದವರು ಎಳೆದೊಯ್ದರು. ನಿಮ್ಮ ಅಜ್ಜಿಗೆ ಇಂಥದ್ದು ಆಗಿತ್ತು ಅಂತ ನಾನು ಹೇಳುತ್ತಿಲ್ಲ. ಕೈ ತಳ್ಳಿದ್ದಕ್ಕೆ ಹಟಮಾರಿತನ ಬಿಟ್ಟು ಬೇರೆ ಕಾರಣ ಇರಬಹುದು ಅಂತ ಅಷ್ಟೇ.

ಹಾಗಂತ ಇವರು ಆಸ್ಪತ್ರೆಯನ್ನೇ ಕಾಣದವರು ಅಂದುಕೊಳ್ಳಬೇಡಿ. ಬಾಗ್ದಾದಿನ ವೈದ್ಯಕೀಯ ಕಾಲೇಜು ಶುರುವಾಗಿದ್ದು 1927ರಲ್ಲಿ. 1980ರ ದಶಕದ ತನಕ ಇರಾಕಿನ ಉಚಿತ ಚಿಕಿತ್ಸೆ ಆ ಭಾಗಕ್ಕೇ ಹೆಸರಾಗಿತ್ತು. 1990ರಲ್ಲಿ ವಿಶ್ವಸಂಸ್ಥೆ ಹೇರಿದ ವ್ಯಾಪಾರ ನಿರ್ಬಂಧ, 2003ರ ಯುದ್ಧ, ಆಮೇಲೆ ಡಾಕ್ಟರುಗಳೇ ದೇಶ ಬಿಟ್ಟದ್ದು, ಹೀಗೆ ಅದು ಕುಸಿಯಿತು. ದೇಶ ಬಿಟ್ಟವರಲ್ಲಿ ಎಂಜಿನಿಯರುಗಳೂ ಮೇಷ್ಟರುಗಳೂ ಇದ್ದರು. ಇರಾಕಿ ನಿರಾಶ್ರಿತರಲ್ಲಿ ಸಕ್ಕರೆ ಕಾಯಿಲೆ, ಬಿಪಿ ಜಾಸ್ತಿ. ಚೀಟಿ ಇಲ್ಲದೆ ಮಾತ್ರೆ ಕೊಂಡು, ನೇರ ತಜ್ಞರ ಬಳಿ ಹೋಗಿ ಅಭ್ಯಾಸ. "ಏನೂ ಇಲ್ಲ, ನೀರು ಕುಡಿಯಿರಿ" ಅಂತ ಕಳಿಸುವ ಡಾಕ್ಟರು ಕೈತೊಳೆದುಕೊಂಡರು ಅಂತಲೇ ಅವರಿಗೆ ಅನ್ನಿಸುತ್ತದೆ. ಇಂಜೆಕ್ಷನ್ ಕೊಡದ ಡಾಕ್ಟರನ್ನು ನಮ್ಮ ಹಳ್ಳಿಯಲ್ಲಿ ನಂಬದೇ ಇದ್ದ ಹಾಗೆ.

ಸಂಸ್ಕೃತಿ ತಿಳಿಯುವುದು ಅಂದರೆ "ಇರಾಕಿಗಳು ಹೀಗೆ" ಅಂತ ಒಂದು ಪಟ್ಟಿ ಬಾಯಿಪಾಠ ಮಾಡುವುದು ಅಂತ ನೀವು ಭಾವಿಸಿದ ಹಾಗಿದೆ. ಅದನ್ನು ನಾನೂ ಒಪ್ಪುವುದಿಲ್ಲ. ಡೆಟ್ರಾಯಿಟ್ ಸುತ್ತ ಇರುವ ಖಾಲ್ದಿಯನ್ನರು ಇರಾಕಿನ ಕ್ಯಾಥೊಲಿಕ್ ಕ್ರೈಸ್ತರು, ಅವರ ಹಿರಿಯರ ಮನೆಮಾತು ಅರಬ್ಬಿಯಲ್ಲ, ಸೂರೆತ್ ಅನ್ನುವ ಅರಾಮಿಕ್ ನುಡಿ. ಡಿಯರ್‌ಬಾರ್ನ್‌ಗೆ ಸದ್ದಾಂ ವಿರುದ್ಧದ 1991ರ ದಂಗೆಯ ನಂತರ ಸೌದಿಯ ರಫ್ಹಾ ನಿರಾಶ್ರಿತರ ಶಿಬಿರದಿಂದ ಬಂದವರಲ್ಲಿ ಹೆಚ್ಚಿನವರು ಶಿಯಾಗಳು. ತಮ್ಮದೇ ಧರ್ಮದ ಯಜೀದಿಗಳು, ಮಂದಾಯರು, ತಮ್ಮದೇ ಭಾಷೆಯ ಕುರ್ದರು ಬೇರೆಯೇ. ಖಾಲ್ದಿಯನ್ ಅಜ್ಜಿಗೆ ರಂಜಾನ್ ಉಪವಾಸದ ಬಗ್ಗೆ ಬುದ್ಧಿ ಹೇಳಿದರೆ, ಧರ್ಮದ ಕಾರಣಕ್ಕೇ ಊರು ಬಿಟ್ಟ ಆಕೆಗೆ ಹೇಗಾಗಬೇಡ? ಕರೆಸಿದ ದುಭಾಷಿ ಮೊರಾಕ್ಕೊದವರಾದರೆ ಅವರ ಅರಬ್ಬಿ ಅರ್ಧ ಅರ್ಥವಾಗದೇ ಹೋಗಬಹುದು. ಅದೇ ಓಣಿಯವರಾದರೆ, ನಾಳೆ ಊರಿಗೆಲ್ಲ ಗೊತ್ತಾಗುತ್ತದೆ ಅಂತ ಬಾಯಿ ಬಿಡುವುದಿಲ್ಲ. ಮನಸ್ಸಿನ ಕಾಯಿಲೆ ಅಂದರೆ "ಮಜ್ನೂನ್", ಹುಚ್ಚು. ನಮ್ಮ ಕಡೆ ಧಾರವಾಡದ ಆಸ್ಪತ್ರೆಯ ಹೆಸರು ಹೇಳಿ ಆಡಿಕೊಂಡಂತೆ ಅವರು ಬಾಗ್ದಾದಿನ ಶಮ್ಮಾಇಯ್ಯ ಆಸ್ಪತ್ರೆಯ ಹೆಸರು ಹೇಳುತ್ತಾರೆ.

ಪಟ್ಟಿ ಬೇಡ ಅಂದರೆ ಇರುವುದು ಕೇಳುವ ದಾರಿ. ಹಾರ್ವರ್ಡ್‌ನ ಮನೋವೈದ್ಯ ಆರ್ಥರ್ ಕ್ಲೈನ್‌ಮನ್ ರೋಗಿಗೆ ಕೇಳಲು ಕೆಲವು ಪ್ರಶ್ನೆಗಳನ್ನು ಕೊಟ್ಟಿದ್ದಾರೆ. ಈ ತೊಂದರೆಗೆ ನೀವು ಏನಂತ ಕರೀತೀರಿ? ಯಾಕೆ ಬಂತು ಅನ್ನಿಸುತ್ತೆ? ಇದರಲ್ಲಿ ನಿಮಗೆ ತುಂಬ ಭಯ ಇರುವುದು ಯಾವುದಕ್ಕೆ? ಇವಕ್ಕೆ ಇರಾಕೂ ಒಂದೇ, ಗದಗವೂ ಒಂದೇ. ಸಕ್ಕರೆ ಕಾಯಿಲೆಯವರಿಗೆ "ಟೀ ಕುಡೀತೀರಾ" ಅಂದರೆ ಹೂಂ ಅನ್ನುತ್ತಾರೆ, ಅಲ್ಲಿಗೆ ಮುಗಿಯಿತು. ಇಸ್ತಿಕಾನ್ ಅನ್ನುವ ಸಣ್ಣ ಗಾಜಿನ ಲೋಟದಲ್ಲಿ ದಿನಕ್ಕೆ ಎಷ್ಟು, ತಳದಲ್ಲಿ ಕರಗದೆ ನಿಲ್ಲುವ ಸಕ್ಕರೆ ಎಷ್ಟು ಬೆರಳು ಅಂತ ಕೇಳಿ ನೋಡಿ.

ಈಗ ನೀವು ಒಂದು ಕೆಲಸ ಮಾಡಬಹುದು. ದುಭಾಷಿಯನ್ನು ಲೈನಿಗೆ ತೆಗೆದುಕೊಂಡು ಆ ಮನೆಗೆ ಫೋನ್ ಮಾಡಿ. ಮನೆಯಲ್ಲಿ ಯಾವ ಭಾಷೆ ಆಡುತ್ತೀರಿ, ಹೆಂಗಸಾದ ದುಭಾಷಿ ಬೇಕಾ ಅಂತ ಕೇಳಿ. ಮೊಮ್ಮಗ ಬಂದರೆ ಹೊರಗೆ ಕೂರಲಿ. ಮತ್ತೆ ಇಸಿಜಿ ಬೇಕಾದರೆ, ಯಂತ್ರ ತೋರಿಸಿ: ಇದು ಮೈಗೆ ಕರೆಂಟ್ ಬಿಡುವುದಿಲ್ಲ, ಎದೆಯ ಬಡಿತ ಬರೆದುಕೊಳ್ಳುತ್ತೆ ಅಷ್ಟೇ, ಬೇಡ ಅಂದ ಕೂಡಲೇ ನಿಲ್ಲಿಸುತ್ತೇವೆ ಅಂತ ಹೇಳಿ. ಇರಾಕಿನಲ್ಲಿ ಹೆಂಗಸರಿಗೆ ಹೇಗಿದ್ದೀರಿ ಅನ್ನಲು "ಶ್ಲೋನಿಚ್" ಅನ್ನುತ್ತಾರೆ, ನಿನ್ನ ಬಣ್ಣ ಹೇಗಿದೆ ಅಂತ ಅದರ ಅರ್ಥ. "ಖಾಲಾ" ಅಂದರೆ ತಾಯಿಯ ಅಕ್ಕ ಇಲ್ಲವೇ ತಂಗಿ, ಹಿರಿಯ ಹೆಂಗಸರನ್ನು ಹಾಗೇ ಕರೆಯುವುದು. ಅಜ್ಜಿ ಬಾಗಿಲಲ್ಲಿ ಕಂಡರೆ ಎದ್ದು ನಿಂತು "ಶ್ಲೋನಿಚ್, ಖಾಲಾ?" ಅನ್ನಿ. ಅವರು ಉತ್ತರ ಹೇಳುವಷ್ಟು ಹೊತ್ತು ಕಂಪ್ಯೂಟರ್ ಕಡೆ ನೋಡಬೇಡಿ.

ಅವರು ಬಂದರೆ ನನಗೆ ಬರೆಯಿರಿ.

– ಸಂಪಾದಕ