ಹಾಡಿಯ ಐದು ವರ್ಷಕ್ಕೆ ಅಲ್ಲಿ ಕಾಲಮ್ಮೇ ಇಲ್ಲ

ಕೊಡಗಿನ ಪೊನ್ನಂಪೇಟೆ ತಾಲ್ಲೂಕಿನ ಓದುಗರೊಬ್ಬರು ಉದ್ದದ ಪತ್ರ ಬರೆದಿದ್ದಾರೆ. ಹೆಸರು ಬೇಡ ಎಂದಿದ್ದಾರೆ, ಹಾಕಿಲ್ಲ. ಸಮಾಜಕಾರ್ಯದಲ್ಲಿ ಸ್ನಾತಕೋತ್ತರ ಪದವಿ (ಎಂಎಸ್‌ಡಬ್ಲ್ಯು) ಮುಗಿಸಿ ಐದು ವರ್ಷ ತಿತಿಮತಿ ಕಡೆಯ ಆದಿವಾಸಿ ಹಾಡಿಗಳಲ್ಲಿ ಮಕ್ಕಳನ್ನು ಶಾಲೆಗೆ ಕಳಿಸುವ ಒಂದು ಯೋಜನೆಯಲ್ಲಿ ದುಡಿದಿದ್ದಾರೆ. ಈಗ ಆ ಯೋಜನೆಗೆ ಬರುತ್ತಿದ್ದ ಹಣ ನಿಂತಿದೆ. ವಯಸ್ಸು 28. ಅವರ ಪತ್ರದ ಮುಖ್ಯ ಸಾಲುಗಳು ಇವು:

"ಕಾಲೇಜಿನಲ್ಲಿ ಪಾಠ ಹೇಳಿದ ಸರ್ ಹತ್ತಿರ ಹೋಗಿದ್ದೆ. ಕೆಲಸ ಮಾಡುವವರು ಬೇರೆ, ಪಾಠ ಮಾಡುವವರು ಬೇರೆ. ಐದು ವರ್ಷ ಸುಮ್ನೆ ಕಳೆದುಕೊಂಡೆ, ಅವತ್ತೇ ಪಿಎಚ್‌ಡಿಗೆ ಸೇರಿದ್ದರೆ ಇಷ್ಟೊತ್ತಿಗೆ ಮುಗಿದಿರುತ್ತಿತ್ತು ಎಂದರು. ಮನೆಯಲ್ಲೂ ಅದೇ ಮಾತು. ನಿಜವಾಗಲೂ ಕಳೆದುಕೊಂಡೆನಾ? ಫೀಲ್ಡ್ ಬಿಟ್ಟು ನೆಟ್‌ಗೆ ಓದಲು ಕೂರಲಾ?"

ಕಳೆದುಕೊಂಡಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಬೇರೆ ಯಾವ ವಿಷಯದ ಮೇಷ್ಟ್ರಾದರೂ ಹಾಗೆ ಹೇಳಿದ್ದರೆ ನಾನು ಸುಮ್ಮನಿರುತ್ತಿದ್ದೆ. ಸಮಾಜಕಾರ್ಯ ಕಲಿಸುವವರ ಬಾಯಿಂದಲೇ ಬಂತಲ್ಲ ಅಂತ ತುಂಬಾ ಬೇಸರವಾಯಿತು.

ಅವರು ಹೇಳಿದ್ದರಲ್ಲಿ ನಿಜವೇ ಇಲ್ಲ ಅಂತಲ್ಲ. ಎನ್‌ಜಿಒ ಸಂಬಳ ಯೋಜನೆ ಇರುವಷ್ಟು ದಿನ ಮಾತ್ರ. ಕಾಲೇಜು ಮೇಷ್ಟ್ರಾಗಲು ಬರೆಯುವ ಆ ನೆಟ್ ಪರೀಕ್ಷೆಯಲ್ಲಿ ಒಳ್ಳೆಯ ಅಂಕ ಬಂದು ಜೆಆರ್‌ಎಫ್ ಎಂಬ ಸಂಶೋಧನಾ ವೇತನ ಸಿಕ್ಕಿದರೆ ತಿಂಗಳಿಗೆ 37,000 ರೂಪಾಯಿ ಬರುತ್ತದೆ, ನಮ್ಮ ಜಿಲ್ಲೆಯಲ್ಲಿ ಹಾಡಿ ಸುತ್ತುವ ಕೆಲಸಕ್ಕೆ ಅಷ್ಟು ಕೊಡುವವರನ್ನು ನಾನಂತೂ ಕಂಡಿಲ್ಲ. ಮಗಳಿಗೆ ಒಂದು ಕಾಯಂ ಕೆಲಸ ಆಗಲಿ ಅಂತ ಅಪ್ಪ ಅಮ್ಮ ಬಯಸುವುದೂ ತಪ್ಪಲ್ಲ. ಇಷ್ಟು ಒಪ್ಪಿಕೊಂಡು ಮುಂದೆ ಹೋಗುತ್ತೇನೆ.

ನಿಮ್ಮ ಮೇಷ್ಟ್ರು ಹಾಗೆ ಮಾತಾಡುವಂತೆ ಮಾಡಿದ್ದು ಒಂದು ಅಂಕಪಟ್ಟಿ. ವಿಶ್ವವಿದ್ಯಾಲಯಗಳಿಗೆ ನಿಯಮ ಮಾಡುವ ಯುಜಿಸಿಯ 2018ರ ನಿಯಮಾವಳಿ ತೆಗೆದು ನೋಡಿ. ವಿಶ್ವವಿದ್ಯಾಲಯದ ಸಹಾಯಕ ಪ್ರಾಧ್ಯಾಪಕ ಹುದ್ದೆಗೆ ಯಾರನ್ನು ಸಂದರ್ಶನಕ್ಕೆ ಕರೆಯಬೇಕು ಅಂತ ನೂರು ಅಂಕಗಳ ಒಂದು ಪಟ್ಟಿ ಅದರಲ್ಲಿದೆ. ಪಿಎಚ್‌ಡಿಗೆ 30. ನೆಟ್ ಪಾಸಾದರೆ 5, ಜೆಆರ್‌ಎಫ್ ಕೂಡ ಇದ್ದರೆ 7. ಪ್ರಕಟವಾದ ಒಂದೊಂದು ಪೇಪರ್‌ಗೆ 2, ಪಾಠ ಮಾಡಿದ ಒಂದೊಂದು ವರ್ಷಕ್ಕೂ 2. ಹಾಡಿಯಲ್ಲಿ ದುಡಿದ ವರ್ಷಗಳಿಗೆ ಅಲ್ಲಿ ಕಾಲಮ್ಮೇ ಇಲ್ಲ. ಗಣಿತಕ್ಕೂ ಇದೇ ಪಟ್ಟಿ, ಇತಿಹಾಸಕ್ಕೂ ಇದೇ, ಸಮಾಜಕಾರ್ಯಕ್ಕೂ ಇದೇ. ರೋಗಿಯ ನಾಡಿ ಹಿಡಿಯದವರು ಮೆಡಿಕಲ್ ಕಾಲೇಜಿನಲ್ಲಿ ಪಾಠಕ್ಕೆ ನಿಂತರೆ ನಾವು ಒಪ್ಪುತ್ತೇವಾ? ಬೆಳಿಗ್ಗೆ ವಾರ್ಡು ಸುತ್ತಿದ ಡಾಕ್ಟರೇ ಮಧ್ಯಾಹ್ನ ಪಾಠ ಮಾಡಬೇಕು ಅಂತ ಅಲ್ಲಿ ಯಾರೂ ವಾದ ಮಾಡಿ ಗೆಲ್ಲಬೇಕಾಗಿಲ್ಲ. ಇಲ್ಲಿ ಮಾತ್ರ ತೋಟದ ಕೂಲಿಯವರ ಲೈನ್ ಮನೆಯ ಒಳಗೆ ಒಂದು ಸಲವೂ ಕೂತು ಮಾತಾಡದವರು ಸಮುದಾಯ ಸಂಘಟನೆ ಕಲಿಸಬಹುದು.

ಇದಕ್ಕೆ ಪರಿಹಾರ ಅಂತ 2022ರಲ್ಲಿ ಯುಜಿಸಿ 'ಪ್ರೊಫೆಸರ್ ಆಫ್ ಪ್ರಾಕ್ಟೀಸ್' ಎಂಬ ಹುದ್ದೆ ತಂದಿತು. ಪಿಎಚ್‌ಡಿ ಬೇಕಿಲ್ಲ, ಅನುಭವ ಸಾಕು. ಕೇಳಲು ಚೆನ್ನಾಗಿದೆ. ಆದರೆ ಬೇಕಾದ ಅನುಭವ 15 ವರ್ಷ, ಹುದ್ದೆಯ ಅವಧಿ ಹೆಚ್ಚೆಂದರೆ ನಾಲ್ಕು ವರ್ಷ. ನಿಮ್ಮ ಲೆಕ್ಕಕ್ಕೆ ಅದು ಬರುವಾಗ ನಿಮಗೆ 38 ಆಗಿರುತ್ತದೆ, 42ಕ್ಕೆ ಮತ್ತೆ ಮನೆಗೆ. ಇದಕ್ಕಿಂತ ನಮ್ಮ ಬಾಲನ್ಯಾಯ ಕಾಯ್ದೆಯೇ ವಾಸಿ. 2015ರ ಆ ಕಾಯ್ದೆ ಪ್ರಕಾರ ಬಾಲನ್ಯಾಯ ಮಂಡಳಿಯಲ್ಲಿ ಮ್ಯಾಜಿಸ್ಟ್ರೇಟ್ ಪಕ್ಕ ಇಬ್ಬರು ಸಮಾಜ ಕಾರ್ಯಕರ್ತರು ಕೂರಬೇಕು, ಅವರಲ್ಲಿ ಒಬ್ಬರಾದರೂ ಮಹಿಳೆ ಇರಬೇಕು. ಮಕ್ಕಳ ಆರೋಗ್ಯ, ಶಿಕ್ಷಣ, ಕಲ್ಯಾಣದ ಕೆಲಸದಲ್ಲಿ ಏಳು ವರ್ಷ ತೊಡಗಿದ್ದರೆ ಅದೇ ಅರ್ಹತೆ. ಅಂದರೆ ಒಂದು ಮಗುವಿನ ಭವಿಷ್ಯ ತೀರ್ಮಾನಿಸುವ ಜಾಗದಲ್ಲಿ ನಿಮ್ಮ ಐದು ವರ್ಷ ಲೆಕ್ಕಕ್ಕಿದೆ, ಇನ್ನೆರಡು ಸೇರಿದರೆ ಸಾಕು. ಅದೇ ಮಗುವಿನ ಬಗ್ಗೆ ಪಾಠ ಮಾಡುವ ಜಾಗದಲ್ಲಿ ಲೆಕ್ಕಕ್ಕಿಲ್ಲ!

ಈ ವಿದ್ಯೆ ಹುಟ್ಟಿದ್ದೇ ಹೀಗಲ್ಲ. 1915ರಲ್ಲಿ ಅಮೆರಿಕದಲ್ಲಿ ಅಬ್ರಹಾಂ ಫ್ಲೆಕ್ಸ್‌ನರ್ ಎನ್ನುವ ಶಿಕ್ಷಣ ತಜ್ಞರು ಒಂದು ಸಮ್ಮೇಳನದಲ್ಲಿ ನಿಂತು, ಸಮಾಜಕಾರ್ಯ ಇನ್ನೂ ಒಂದು ವೃತ್ತಿ ಆಗಿಲ್ಲ ಎಂದರು. ಆ ಮಾತಿನಿಂದ ಹುಟ್ಟಿದ ಕೀಳರಿಮೆ ಇವತ್ತಿಗೂ ಹೋಗಿಲ್ಲ ಅಂತ ನನ್ನ ಅನಿಸಿಕೆ. ನಾವೂ ಶಾಸ್ತ್ರಜ್ಞರು ಅಂತ ತೋರಿಸಲು ಹೋಗಿ ಕೆಲಸವನ್ನೇ ಕೆಳಗಿಟ್ಟಿದ್ದೇವೆ. ಆದರೆ ಎರಡೇ ವರ್ಷದಲ್ಲಿ, 1917ರಲ್ಲಿ, ಒಂದೊಂದು ಕುಟುಂಬದ ಕಷ್ಟವನ್ನು ಕ್ರಮವಾಗಿ ಅರಿಯುವುದು ಹೇಗೆ ಅಂತ ದಪ್ಪ ಪುಸ್ತಕ ಬರೆದು ಈ ವಿದ್ಯೆಗೆ ಬುನಾದಿ ಹಾಕಿದ್ದು ಮೇರಿ ರಿಚ್ಮಂಡ್. ಅವರು ಹೈಸ್ಕೂಲಿನಿಂದಾಚೆ ಓದಿದವರಲ್ಲ. ಬಾಲ್ಟಿಮೋರ್‌ನ ಒಂದು ಸೇವಾ ಸಂಸ್ಥೆಯಲ್ಲಿ ಹಣಕಾಸಿನ ಸಹಾಯಕಿಯಾಗಿ ಸೇರಿ, ಬಡವರ ಮನೆಗಳಿಗೆ ಹೋಗಿ ಹೋಗಿ ಕಲಿತವರು. ನಮ್ಮಲ್ಲೂ ಅಷ್ಟೇ. ದೇಶದ ಮೊದಲ ಸಮಾಜಕಾರ್ಯ ಶಾಲೆ 1936ರಲ್ಲಿ ಮುಂಬಯಿಯಲ್ಲಿ ಶುರುವಾಯಿತು, ಈಗ ಅದಕ್ಕೆ ಟಿಸ್ (ಟಾಟಾ ಸಮಾಜ ವಿಜ್ಞಾನ ಸಂಸ್ಥೆ) ಎನ್ನುತ್ತೇವೆ. ಅದರ ಮೊದಲ ನಿರ್ದೇಶಕ ಕ್ಲಿಫರ್ಡ್ ಮ್ಯಾನ್‌ಶಾರ್ಟ್ ಅದಕ್ಕೂ ಮುಂಚೆ ನಾಗಪಾಡಾದ ಕಾರ್ಮಿಕರ ಕೇರಿಯಲ್ಲಿ ಕೇಂದ್ರ ತೆರೆದು ಕೆಲಸ ಮಾಡುತ್ತಿದ್ದರು. ಕೇರಿ ಮೊದಲು, ಶಾಲೆ ಆಮೇಲೆ.

ಸಂಶೋಧನೆ ಅಂದರೆ ಏನು ಅಂತ ಯಾರಾದರೂ ಕೇಳಿದರೆ ನಾನು ಮಹಾರಾಷ್ಟ್ರದ ಗಡ್‌ಚಿರೋಲಿ ತೋರಿಸುತ್ತೇನೆ. ಅಭಯ್ ಬಂಗ್, ರಾಣಿ ಬಂಗ್ ದಂಪತಿ ವಿದೇಶದಲ್ಲಿ ಸಾರ್ವಜನಿಕ ಆರೋಗ್ಯ ಓದಿ ಬಂದು ಆ ಕಾಡು ಜಿಲ್ಲೆಯಲ್ಲಿ ನೆಲೆಸಿದರು. ಹಳ್ಳಿಯ ಹೆಂಗಸರಿಗೇ ತರಬೇತಿ ಕೊಟ್ಟು, ಮನೆಯಲ್ಲೇ ಹಸುಗೂಸಿನ ಆರೈಕೆ ಮಾಡಿಸಿದರು. ಎಷ್ಟು ಮಕ್ಕಳು ಉಳಿದರು ಅಂತ ಲೆಕ್ಕ ಇಟ್ಟರು. ಆ ಲೆಕ್ಕ 1999ರಲ್ಲಿ ಲ್ಯಾನ್ಸೆಟ್ ವೈದ್ಯಕೀಯ ಪತ್ರಿಕೆಯಲ್ಲಿ ಬಂತು. ಇವತ್ತು ಬಾಣಂತಿ ಮನೆಗೆ ಆಶಾ ಕಾರ್ಯಕರ್ತೆ ಬಂದು ಮಗುವಿನ ತೂಕ ನೋಡುತ್ತಾರಲ್ಲ, ಅದರ ಬೇರು ಅಲ್ಲಿದೆ. ಅವರು ಕೆಲಸ ಮಾಡಿದರಾ, ಸಂಶೋಧನೆ ಮಾಡಿದರಾ, ಪಾಠ ಹೇಳಿದರಾ? ನಿಮ್ಮ ಮೇಷ್ಟ್ರು ಬಿಡಿಸಿ ಹೇಳಲಿ ನೋಡೋಣ.

ಕೊಡಗಿನಲ್ಲಿ ಸಂಶೋಧನೆ ಹೇಗೆ ನಡೆಯುತ್ತದೆ ಅಂತ ನಾವೆಲ್ಲ 2018ರಲ್ಲಿ ನೋಡಿದ್ದೇವೆ. ಆಗಸ್ಟ್‌ನಲ್ಲಿ ಮಕ್ಕಂದೂರು, ಕಾಲೂರು, ಜೋಡುಪಾಲ ಕಡೆ ಗುಡ್ಡ ಕುಸಿದು ಜನ ಪರಿಹಾರ ಕೇಂದ್ರಗಳಲ್ಲಿದ್ದರು. ಒಂದು ಕೇಂದ್ರದ ಬಾಗಿಲಲ್ಲಿ ನಾನು ನಿಂತಿದ್ದಾಗ ನಾಲ್ಕು ಜನ ವಿದ್ಯಾರ್ಥಿಗಳು ಕ್ಲಿಪ್‌ಬೋರ್ಡ್ ಹಿಡಿದು ಬಂದರು. ಪ್ರಶ್ನಾವಳಿ ಇಂಗ್ಲಿಷ್‌ನಲ್ಲಿತ್ತು, ಅಲ್ಲಲ್ಲೇ ಕನ್ನಡ ಮಾಡಿ ಕೇಳುತ್ತಿದ್ದರು. ನಿಮಗೆ ನಿದ್ದೆ ಬರುತ್ತದಾ, ಒಂದರಿಂದ ಐದರಲ್ಲಿ ಎಷ್ಟು? ಕಂಬಳಿ ಹೊದ್ದು ಕೂತಿದ್ದ ಅಜ್ಜಿಯೊಬ್ಬರು, "ಮೊನ್ನೆ ಬಂದವರಿಗೆ ಎಲ್ಲ ಹೇಳಿದ್ದೇನೆ, ಅವರ ಹತ್ತಿರ ಕೇಳಿಕೊಳ್ಳಿ" ಎಂದು ಮುಖ ತಿರುಗಿಸಿದರು. ಆ ಮಕ್ಕಳದು ತಪ್ಪಿಲ್ಲ, ಕಳಿಸಿದವರದ್ದು. ಆ ಎಲ್ಲ ಹಾಳೆಗಳು ಯಾವ ಥೀಸಿಸ್‌ನಲ್ಲಿ, ಯಾವ ಜರ್ನಲ್‌ನಲ್ಲಿ ಸೇರಿದವೋ. ಆಮೇಲೆ ಮದೆನಾಡು, ಜಂಬೂರಿನ ಹೊಸ ಮನೆಗಳಿಗೆ ಹೋದ ಜನರ ಹತ್ತಿರ ನಾನು ವಿಚಾರಿಸಿದ್ದೇನೆ. ನೀವು ಹೇಳಿದ್ದರಿಂದ ಇದು ತಿಳಿಯಿತು ಅಂತ ಯಾರೂ ವಾಪಸ್ ಬಂದು ಅವರಿಗೆ ಹೇಳಿಲ್ಲ. ದಿಡ್ಡಳ್ಳಿಯದ್ದೂ ಇದೇ ಕತೆ. 2016ರ ಡಿಸೆಂಬರ್‌ನಲ್ಲಿ ಅಲ್ಲಿನ ಆದಿವಾಸಿಗಳ ಗುಡಿಸಲು ಕಿತ್ತಾಗ ಬಂದ ಕ್ಯಾಮೆರಾ, ಪ್ರಶ್ನಾವಳಿಗಳಲ್ಲಿ ಆಮೇಲೆ ಅವರಿಗೆ ಜಾಗ ಕೊಟ್ಟ ಬಸವನಹಳ್ಳಿ, ಬ್ಯಾಡಗೊಟ್ಟದ ತನಕ ಎಷ್ಟು ಬಂದವು? ಪೇಪರ್‌ಗೆ ಅಂಕ ಇದೆ, ವಾಪಸ್ ಬರುವುದಕ್ಕೆ ಅಂಕ ಇಲ್ಲ. ಜನ ಯಾಕೆ ಮುಖ ತಿರುಗಿಸುವುದಿಲ್ಲ ಹೇಳಿ?

ಇದೇ ಜಿಲ್ಲೆಯಲ್ಲಿ ಇನ್ನೊಂದು ರೀತಿಯ ಸಂಶೋಧನೆಯನ್ನೂ ಕಣ್ಣಾರೆ ಕಂಡಿದ್ದೇನೆ, ಅದಕ್ಕೇ ಇಷ್ಟು ಗಟ್ಟಿಯಾಗಿ ಹೇಳುತ್ತಿದ್ದೇನೆ. ಅರಣ್ಯ ಹಕ್ಕು ಕಾಯ್ದೆಯಲ್ಲಿ ಅರ್ಜಿ ಹಾಕುವವರು ಸಾಕ್ಷ್ಯ ಕೊಡಬೇಕು ಅಲ್ವಾ. ಜೇನು ಕುರುಬರ ಕೈಯಲ್ಲಿ ಪಹಣಿ ಎಲ್ಲಿಂದ ಬರಬೇಕು? ಆದರೆ ನಿಯಮದಲ್ಲಿ ದಾರಿ ಇದೆ. ಹಳೆಯ ಸಮಾಧಿ, ದೇವರ ಜಾಗ ಸಾಕ್ಷ್ಯವಾಗುತ್ತವೆ. ಹಿರಿಯರ ಹೇಳಿಕೆಯನ್ನು ಬರೆದುಕೊಂಡರೆ ಅದೂ ಸಾಕ್ಷ್ಯವೇ. ನಾಗರಹೊಳೆ ಅಂಚಿನ ಒಂದು ಹಾಡಿಯಲ್ಲಿ ಸಂಜೆ ಹೊತ್ತು ಒಬ್ಬ ಅತಿಥಿ ಉಪನ್ಯಾಸಕರು ತಮ್ಮ ಹುಡುಗರನ್ನು ಕೂರಿಸಿಕೊಂಡಿದ್ದರು. ಮುದುಕರೊಬ್ಬರು ಕೋಲಿನಿಂದ ಮಣ್ಣಿನ ಮೇಲೆ ಗೆರೆ ಎಳೆದು, ಇಲ್ಲಿ ನಮ್ಮಪ್ಪನನ್ನು ಹೂತಿದ್ದು, ಈ ಮರದ ಕೆಳಗೆ ದೇವರು, ಆ ತೋಡಿನ ಆಚೆ ನಾವು ಹುಟ್ಟಿದ ಗುಡಿಸಲು ಎಂದು ತೋರಿಸುತ್ತಿದ್ದರು. ಒಬ್ಬ ಹುಡುಗಿ ಅದನ್ನು ಡ್ರಾಯಿಂಗ್ ಶೀಟ್‌ಗೆ ಇಳಿಸುತ್ತಿದ್ದಳು. ಪಕ್ಕದಲ್ಲಿದ್ದ ಹೆಂಗಸು "ಆ ಮರ ಅಲ್ಲಲ್ಲ, ಇನ್ನೂ ಈಚೆ" ಎಂದು ತಿದ್ದಿದರು. ಅಳಿಸಿ ಮತ್ತೆ ಬರೆದಳು. ಬರೆದಿದ್ದನ್ನು ಎಲ್ಲರಿಗೂ ಓದಿ ಹೇಳಿದ ಮೇಲೆಯೇ ಹೆಬ್ಬೆಟ್ಟು ಒತ್ತಿಸಿದ್ದು. ಸಂಶೋಧನಾ ವಿಧಾನ ಎನ್ನುವ ಪೇಪರ್‌ಗೆ ಇದಕ್ಕಿಂತ ಒಳ್ಳೆಯ ಪಾಠ ಯಾವ ತರಗತಿಯಲ್ಲಿ ಸಿಗುತ್ತದೆ?

ಆ ಉಪನ್ಯಾಸಕರು ಬಸ್ ಚಾರ್ಜು ತಮ್ಮ ಜೇಬಿನಿಂದಲೇ ಹಾಕಿದ್ದರು. ಅವರಿಗೆ ಬೇಸಿಗೆ ರಜೆಯಲ್ಲಿ ಗೌರವಧನವೂ ಇಲ್ಲ, ಮುಂದಿನ ವರ್ಷ ಕರೆಯುತ್ತಾರೆ ಎಂಬ ಖಾತ್ರಿಯೂ ಇಲ್ಲ. ನಮ್ಮ ರಾಜ್ಯದ ಸರ್ಕಾರಿ ಪದವಿ ಕಾಲೇಜುಗಳು ಇಂಥ ಸಾವಿರಾರು ಜನರ ಮೇಲೆ ನಿಂತಿವೆ. 2023ರ ಕೊನೆಯಲ್ಲಿ ಅವರು ಬೀದಿಗಿಳಿದಾಗ ನಮ್ಮ ಜಿಲ್ಲೆಯಲ್ಲಿ ಎಷ್ಟು ಜನ ಅವರ ಜೊತೆ ನಿಂತೆವು? ಕಾಫಿ ರೇಟು ಬಿದ್ದರೆ ಜಿಲ್ಲೆಯೇ ಎದ್ದು ಕೂರುತ್ತದೆ. ಪಾಠ ಹೇಳುವವರ ರೇಟಿನ ಬಗ್ಗೆ ಮಾತಿಲ್ಲ. ಇನ್ನು ಫೀಲ್ಡ್ ವರ್ಕ್ ಅಂದರೆ ವಾರಕ್ಕೆ ಎರಡು ದಿನ ಡೈರಿಗೆ ಸಹಿ ಹಾಕಿಸಿಕೊಳ್ಳುವುದು ಎಂಬಂತಾಗಿದೆ. ಹಿಂದಿನ ಬ್ಯಾಚಿನವರ ವರದಿಯನ್ನು ಊರಿನ ಹೆಸರು ಬದಲಿಸಿ ಒಪ್ಪಿಸಿದ್ದನ್ನು ನಾನೇ ನೋಡಿದ್ದೇನೆ. ಮೇಷ್ಟ್ರಿಗೇ ಊರು ಗೊತ್ತಿಲ್ಲದಿದ್ದರೆ ಕಳ್ಳತನ ಹಿಡಿಯುವವರು ಯಾರು?

ಈಗ ನಿಮ್ಮ ಮೇಲೊಂದು ಸಣ್ಣ ಕೋಪ. ನಿಮ್ಮ ಪತ್ರದ ಎರಡನೇ ಪುಟದಲ್ಲಿ ಒಂದು ಸಾಲಿದೆ. "ಶಾಲೆಯ ಹಾಜರಿ ಪುಸ್ತಕ ನೋಡಿಯೇ ಯಾವ ತೋಟದಲ್ಲಿ ಕಾಫಿ ಕೊಯ್ಲು ಶುರುವಾಯಿತು ಅಂತ ಹೇಳುತ್ತಿದ್ದೆ, ಅಷ್ಟು ಬಿಟ್ಟರೆ ಏನೂ ಕಲಿತಿಲ್ಲ" ಎಂದು ಬರೆದಿದ್ದೀರಿ. ಏನೂ ಕಲಿತಿಲ್ಲವಾ? ಅದೇ ಪುಟದಲ್ಲಿ, ತಪ್ಪಿಸಿಕೊಳ್ಳುವವರು ಜಾಸ್ತಿ ಐದನೇ ಕ್ಲಾಸು ದಾಟಿದ ಹುಡುಗಿಯರು, ಅಮ್ಮ ಕೊಯ್ಲಿಗೆ ಹೋದರೆ ಕೂಸು ನೋಡಿಕೊಳ್ಳಲು ಅವರೇ ನಿಲ್ಲಬೇಕು ಎಂದಿದ್ದೀರಿ. ಒಂದು ಹಾಡಿಯಲ್ಲಿ ಕೂಸುಗಳನ್ನು ನೋಡಿಕೊಳ್ಳಲು ಇಬ್ಬರು ಅಜ್ಜಿಯರನ್ನು ಒಪ್ಪಿಸಿದಿರಿ, ಹುಡುಗಿಯರು ಶಾಲೆಗೆ ವಾಪಸ್ ಬಂದರು, ಮೆಣಸು ಕೊಯ್ಲಿನ ತನಕ ಉಳಿದರು. ಇದನ್ನು ಬ್ರಾಕೆಟ್‌ನಲ್ಲಿ ಬರೆದು ಮುಂದೆ ಹೋಗಿದ್ದೀರಲ್ಲ! ಪ್ರಶ್ನೆ ನಿಮ್ಮದು, ಉಪಾಯ ನಿಮ್ಮದು, ಹಾಜರಿ ಪುಸ್ತಕದಲ್ಲಿ ಲೆಕ್ಕವೂ ಇದೆ. ಗೈಡ್ ಮುಂದೆ ವಿಷಯ ಹುಡುಕಿಕೊಡಿ ಸರ್ ಅಂತ ನಿಲ್ಲುವವರ ನಡುವೆ ನೀವು ವಿಷಯ ಹೊತ್ತುಕೊಂಡೇ ಹೋಗುತ್ತೀರಿ.

ಹಾಗಾಗಿ ಪಾಠ ಮಾಡಲು ಹೋಗಿ, ಖಂಡಿತ ಹೋಗಿ. ಆದರೆ ಫೀಲ್ಡ್ ಬಿಟ್ಟು ಹೋಗಬೇಡಿ. ನೆಟ್, ರಾಜ್ಯ ಮಟ್ಟದ ಅಂಥದ್ದೇ ಪರೀಕ್ಷೆಯಾದ ಕೆ-ಸೆಟ್ ಎರಡಕ್ಕೂ ಅರ್ಜಿ ಹಾಕಿ. ಜೆಆರ್‌ಎಫ್‌ಗೆ ವಯಸ್ಸಿನ ಮಿತಿ 30 ಅಂತ ಹೆದರಬೇಡಿ, ಮಹಿಳೆಯರಿಗೆ ಐದು ವರ್ಷದ ಸಡಿಲಿಕೆ ಇದೆ. ಬರೀ ಸಹಾಯಕ ಪ್ರಾಧ್ಯಾಪಕ ಅರ್ಹತೆಗಾದರೆ ನೆಟ್‌ಗೆ ವಯಸ್ಸಿನ ಮಿತಿಯೇ ಇಲ್ಲ. 2023ರ ತಿದ್ದುಪಡಿ ಆದ ಮೇಲೆ ಆ ಹುದ್ದೆಗೆ ಪಿಎಚ್‌ಡಿ ಕಡ್ಡಾಯವೂ ಅಲ್ಲ, ನೆಟ್ ಅಥವಾ ಸೆಟ್ ಇದ್ದರೆ ಅರ್ಜಿ ಹಾಕಬಹುದು. 2022ರ ನಿಯಮದಂತೆ ಕೆಲಸದಲ್ಲಿದ್ದುಕೊಂಡೇ ಪಾರ್ಟ್‌ಟೈಮ್ ಪಿಎಚ್‌ಡಿ ಮಾಡಬಹುದು, ಕೆಲಸ ಕೊಟ್ಟವರ ಒಪ್ಪಿಗೆ ಪತ್ರ ಬೇಕಷ್ಟೆ. ಅದಕ್ಕೆ ಮೊದಲು ಒಂದು ಕೆಲಸ ಹಿಡಿಯಿರಿ. ಜಿಲ್ಲಾ ಮಕ್ಕಳ ರಕ್ಷಣಾ ಘಟಕದಲ್ಲಿ ಸಮಾಜ ಕಾರ್ಯಕರ್ತರ ಹುದ್ದೆಗಳಿರುತ್ತವೆ, ಗುತ್ತಿಗೆಯದ್ದೇ ಆದರೂ ಮಕ್ಕಳ ನಡುವೆ ಇರುತ್ತೀರಿ, ಆ ಏಳು ವರ್ಷದ ಲೆಕ್ಕವೂ ಮುಂದುವರಿಯುತ್ತದೆ. ಗೈಡ್ ಹುಡುಕುವಾಗ ಒಂದೇ ಪ್ರಶ್ನೆ ಕೇಳಿ: ಸರ್, ವರ್ಷಕ್ಕೊಮ್ಮೆಯಾದರೂ ನನ್ನ ಜೊತೆ ಹಾಡಿಗೆ ಬರುತ್ತೀರಾ? ಹೂಂ ಎನ್ನುವವರು ಸಿಗುವ ತನಕ ಹುಡುಕಿ.

ಹಾಜರಿ ಪುಸ್ತಕ ಮತ್ತು ಆ ಅಜ್ಜಿಯರ ವಿಷಯವನ್ನು ಮೊದಲು ಕನ್ನಡದಲ್ಲಿ, ನಮ್ಮ ಪತ್ರಿಕೆಗೇ ಬರೆಯಿರಿ. ನಾಲ್ಕು ಪುಟ ಇಟ್ಟಿರುತ್ತೇನೆ. ಮಕ್ಕಳ ಹೆಸರು, ಹಾಡಿಯ ಹೆಸರು ಬೇಡ. ಬರೆದಿದ್ದನ್ನು ಆ ಅಜ್ಜಿಯರಿಗೆ ಒಮ್ಮೆ ಓದಿ ಹೇಳಿ, ಅವರು ತಿದ್ದಿದ್ದನ್ನು ತಿದ್ದಿಯೇ ಕಳಿಸಿ. ಈ ಸಲದ ಕೊಯ್ಲು ಶುರುವಾಗುವುದಕ್ಕೆ ಮುಂಚೆ ನನ್ನ ಕೈ ಸೇರಿದರೆ, ಅಚ್ಚಾದ ಪ್ರತಿಯನ್ನು ಶಿಕ್ಷಣ ಇಲಾಖೆಗೂ ಆದಿವಾಸಿಗಳ ಅಭಿವೃದ್ಧಿ ನೋಡುವ ಐಟಿಡಿಪಿ ಕಚೇರಿಗೂ ನಾನೇ ಒಯ್ದು ಕೊಡುತ್ತೇನೆ.

— ಸಂಪಾದಕ